ಎಂಟು ಕಿಡಿಗಳ ಗೋಪುರ

ಬಹಳ ಬಹಳ ಹಿಂದೆ, ಹೊಂಗಿರಿ ಎಂಬ ರಾಜ್ಯದಲ್ಲಿ ನೀರು ಮೋಡದಿಂದ ಬರುತ್ತಿರಲಿಲ್ಲ, ಗೋಪುರದಿಂದ ಬರುತ್ತಿತ್ತು. ಗೋಪುರದ ಬುಡದ ನಡುವೆ ಒಂದು ಮಣಿ, ಅದರ ಸುತ್ತ ಎಂಟು ಮಾತಾಡುವ ಕಿಡಿಗಳು. ಅವು ತಮ್ಮ ತಮ್ಮ ಕೋಣೆಗಳಲ್ಲಿ ತಿರುಗುತ್ತಿದ್ದಷ್ಟು ದಿನ ಊರಿನ ಕೊಳ ತುಂಬಿರುತ್ತಿತ್ತು. ಗೋಪುರದ ಹೊರಗೆ ಒಂದೊಂದೇ ಕಿಡಿಯ ಪುಟ್ಟ ಮಣಿಗಳು ಅಲೆಯುತ್ತಿದ್ದವು; ಒಳಗಿನ ಜೋಡಿಯಿಲ್ಲದ ಕಿಡಿಗಳು ಅವುಗಳ ಕೈ ಹಿಡಿದಾಗಲೇ ನೀರು ಹುಟ್ಟುತ್ತಿತ್ತು.

ಒಂದು ದಿನ ವಕ್ರತಾಳನೆಂಬ ಮಾಂತ್ರಿಕ ಬಂದು ಸಿಂಹಾಸನ ಕೇಳಿದ. ರಾಜ ಕೊಡಲಿಲ್ಲ. ಮಾಂತ್ರಿಕ ಸಿಟ್ಟಿನಿಂದ ಗೋಪುರದೊಳಕ್ಕೆ ಊದಿದ. ಕಿಡಿಗಳು ಚೆಲ್ಲಾಪಿಲ್ಲಿಯಾಗಿ ತಮ್ಮ ಜಾಗವನ್ನೇ ಮರೆತವು. ಕೊಳ ಬತ್ತಿತು.

ರಾಜಕುಮಾರ ಕತ್ತಿ ಹಿಡಿದು ಹೋದ, ಮೀಸೆ ಸುಟ್ಟುಕೊಂಡು ಬಂದ. ಆಗ ರಾಜ ಬೊಮ್ಮಕ್ಕನನ್ನು ಕರೆಸಿದ. ಅರಮನೆಯ ಪಂಕ್ತಿಯಲ್ಲಿ ಅತಿಥಿಗಳನ್ನು ಮೂವತ್ತು ವರ್ಷದಿಂದ ಕೂರಿಸುತ್ತಿದ್ದವಳು ಅವಳು.

“ಮನುಷ್ಯರೇ ನನ್ನ ಮಾತು ಕೇಳುವುದಿಲ್ಲ ಪ್ರಭೂ, ಬೆಂಕಿ ಕೇಳುತ್ತದೆಯೇ?” ಎಂದು ಗೊಣಗುತ್ತಲೇ ಬೊಮ್ಮಕ್ಕ ಹೊರಟಳು.

ಗೋಪುರದ ಬಾಗಿಲಲ್ಲಿ ಕಲ್ಲಿನ ಸಿಂಹ ಕಣ್ಣು ತೆರೆಯಿತು. “ಪ್ರತಿ ಕಿಡಿಯೂ ನಾಲ್ಕು ಗುರುತು ಹೇಳಬೇಕು. ಯಾವ ಅಂತಸ್ತು, ಎಂಥ ಆಕಾರದ ಕೋಣೆ, ಯಾವ ದಿಕ್ಕಿಗೆ ಚಾಚಿದ್ದು, ತಾನು ತಿರುಗುವುದು ಎಡಕ್ಕೋ ಬಲಕ್ಕೋ. ಎರಡು ಕಿಡಿಗಳ ನಾಲ್ಕೂ ಗುರುತು ಒಂದೇ ಆದರೆ ಗರ್ಜಿಸುತ್ತೇನೆ.”

ಬೊಮ್ಮಕ್ಕ ಒಳಗೆ ಹೋದಳು. ಕೆಳಗಿನ ಅಂತಸ್ತಿನ ಒಂದೇ ಒಂದು ದುಂಡು ಕೋಣೆಗೆ ಎಂಟೂ ನುಗ್ಗಿದ್ದವು. ಮಣಿಯ ಹತ್ತಿರವೇ ಬೇಕಂತೆ! ಸಿಂಹ ಗರ್ಜಿಸಿತು, ಎಲ್ಲವೂ ಹಾರಿಹೋದವು.

“ಅಯ್ಯೋ, ನನ್ನ ಕರ್ಮ!” ಬೊಮ್ಮಕ್ಕ ಎರಡನ್ನು ಮತ್ತೆ ಒಳಗೆ ಕರೆತಂದಳು. “ಇಲ್ಲಿ ಎರಡೇ ಎರಡು. ನೀನು ಬಲಕ್ಕೆ ತಿರುಗು, ನೀನು ಎಡಕ್ಕೆ.”

“ನಾನೂ ಬಲಕ್ಕೇ!”

“ಹಾಗಾದರೆ ಹೊರಗೆ ನಡಿ!”

ಅದು ತೆಪ್ಪಗೆ ಎಡಕ್ಕೆ ತಿರುಗಿತು.

ಎರಡನೆಯ ಅಂತಸ್ತಿನಲ್ಲಿ ಒಂದು ದುಂಡು ಕೋಣೆ, ಮೂರು ದಿಕ್ಕಿಗೆ ಚಾಚಿದ ಮೂರು ಉದ್ದ ಕೋಣೆ. ದುಂಡು ಕೋಣೆಗೆ ಎರಡು ಕಿಡಿ ಸೇರಿದವು. ಆಮೇಲೆ ಬೊಮ್ಮಕ್ಕ ಒಂದೇ ಉದ್ದ ಕೋಣೆಗೆ ಎರಡನ್ನು ತಳ್ಳಿದಳು. ಅವು ಕಿತ್ತಾಡಿ ಅವಳ ಸೆರಗು ಸುಟ್ಟವು.

“ಪಕ್ಕದ ಕೋಣೆ ಖಾಲಿ ಇರುವಾಗ ನಾವೇಕೆ ಒತ್ತಿಕೊಂಡು ಇರಬೇಕು?”

“ಅದನ್ನು ಮೊದಲೇ ಬಾಯಿಬಿಟ್ಟು ಹೇಳಬಾರದೇ!” ಎಂದು ಬೊಮ್ಮಕ್ಕ ಹಣೆ ಚಚ್ಚಿಕೊಂಡಳು. ಕೋಣೆಗೊಂದರಂತೆ ಮೂರನ್ನು ಬಿಟ್ಟಳು. ಮೂರೂ ಒಂದೇ ಕಡೆಗೆ, ಬಲಕ್ಕೆ, ಹಾಯಾಗಿ ತಿರುಗಿದವು.

ಎಂಟನೆಯದು ಮಾತ್ರ ಎಲ್ಲಿಯೂ ಕೂರಲಿಲ್ಲ. ಮೂರನೆಯ ಅಂತಸ್ತಿನಲ್ಲಿ ಅಡಗಿ ಕೂತಿದ್ದ ವಕ್ರತಾಳ ಅದನ್ನು ಕರೆಯುತ್ತಿದ್ದ. “ಬಾರೇ, ಮೇಲೆಲ್ಲ ಖಾಲಿ. ಅರಮನೆಯಂಥ ಕೋಣೆ ನಿನ್ನೊಬ್ಬಳಿಗೇ!” ಕಿಡಿ ಮೇಲೇರಿದಂತೆ ಮಣಿ ಮಂಕಾಯಿತು.

ಬೊಮ್ಮಕ್ಕನ ಸಹನೆ ಮುಗಿಯಿತು. ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತುಬಿಟ್ಟಳು.

“ಹೋಗು, ನಿನಗೆ ಬೇಕಾದಲ್ಲಿಗೆ ಹೋಗು! ಮನೆಯಲ್ಲಿ ನನ್ನ ಮಗಳು ಹೆತ್ತು ನಾಲ್ಕು ದಿನವಾಗಿದೆ. ಮಗುವಿನ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಾಳೆ. ಇಂದು ಆ ಬಟ್ಟೆಯೂ ಒಣಗಿದೆ. ನಿನಗೆ ಅರಮನೆ ಬೇಕು, ಅಲ್ಲವೇ?”

ಕಿಡಿ ಅಲ್ಲೇ ನಿಂತಿತು. ನಿಧಾನವಾಗಿ ಕೆಳಗಿಳಿಯಿತು.

“ಯಾರ ಜೊತೆ ಇರಲಿ?”

“ಆ ಮೂರರಲ್ಲಿ ಯಾರ ಜೊತೆಯಾದರೂ ಇರು, ತಾಯಿ. ಎಡಕ್ಕೆ ತಿರುಗಿದರೆ ಸಾಕು.”

ಸಿಂಹ ಎಂಟರ ಗುರುತನ್ನೂ ಕೇಳಿತು. ಒಂದರಂತೆ ಇನ್ನೊಂದಿರಲಿಲ್ಲ. ಮಣಿ ಬೆಳಗಿತು. ಒಂಟಿಯಾಗಿ ಉಳಿದ ಎರಡು ಕಿಡಿಗಳು ಕಿಟಕಿಯಿಂದ ಕೈ ಚಾಚಿದವು. ಹೊರಗೆ ಅಲೆಯುತ್ತಿದ್ದ ಎರಡು ಪುಟ್ಟ ಮಣಿಗಳು ತಮ್ಮ ಒಂದೊಂದು ಕಿಡಿಯೊಡನೆ ಬಂದು ಆ ಕೈ ಹಿಡಿದವು. ಹಿಡಿದ ಕೈಗಳ ಕೆಳಗೆ ಮೊದಲ ಹನಿ ಮೂಡಿತು, ಆಮೇಲೆ ಧಾರೆಯೇ ಇಳಿಯಿತು.

ವಕ್ರತಾಳ ಓಡಲು ನೋಡಿದ. “ನಿನ್ನ ಗುರುತೇನು?” ಎಂದಿತು ಸಿಂಹ. “ಎಲ್ಲವೂ ನನ್ನದೇ!” ಎಂದ ಅವನು. ಸಿಂಹ ಗರ್ಜಿಸಿದ ರಭಸಕ್ಕೆ ಏಳು ಬೆಟ್ಟದಾಚೆ ಹೊಗೆಯಾಗಿ ಚದುರಿದ.

ಬೊಮ್ಮಕ್ಕ ಬೊಗಸೆ ತುಂಬ ನೀರು ಕುಡಿದು, ಒಂದು ಕೊಡ ತುಂಬಿಕೊಂಡು ಮಗಳ ಮನೆಯತ್ತ ಬಿರಬಿರನೆ ನಡೆದಳು. ಬಾಣಂತಿ ಹೊಟ್ಟೆತುಂಬ ಕುಡಿದಳು, ಮಗುವಿಗೆ ಹಾಲು ಇಳಿಯಿತು. ಹೊಂಗಿರಿಯ ಜನ ಅಂದಿನಿಂದ ಬಾಯಾರಿಕೆಯೆಂದರೇನೆಂದು ಅರಿಯದೆ ಸುಖವಾಗಿ ಬಾಳಿದರು.