ಮೇಲೆ ತಪ್ಪು, ಕೆಳಗೆ ಸರಿ

ನನ್ನ ಬಲಗೈ ಪೇಪರ್ ಕಟಿಂಗ್ ಮೆಷಿನ್ನಿನ ಬ್ಲೇಡ್ ಕೆಳಗಿತ್ತು!

ಒಂದೇ ಏಟಿಗೆ ಐನೂರು ಹಾಳೆ ಕತ್ತರಿಸುವ ಬ್ಲೇಡ್. ನನ್ನ ಮಣಿಕಟ್ಟು ಅದಕ್ಕೆ ಯಾವ ಲೆಕ್ಕ?

"ಕೊನೇ ಸಲ ಕೇಳ್ತಿದೀನಿ ತಮ್ಮಾ," ಎಂದ ಗೆದ್ದಲು. "ಸರ್ಟಿಫಿಕೇಟಿಗೆ ಸೈನ್ ಹಾಕ್ತೀಯೋ ಇಲ್ವೋ?"

"ಕೈ ಇಲ್ಲಿಟ್ಕೊಂಡು ಸೈನ್ ಹಾಕೋದು ಹೇಗೆ ಸ್ವಾಮಿ?"

"ಎಡಗೈ ಇದೆಯಲ್ಲ!"

ಗೆದ್ದಲು ಎಂದರೆ ಹಳೇ ಪುಸ್ತಕದ ವ್ಯಾಪಾರಿ. ಯಾರ ಕಪಾಟಿಗಾದರೂ ಸದ್ದಿಲ್ಲದೆ ನುಗ್ಗುತ್ತಾನೆ, ಹೊರಗೆ ಬರುವಾಗ ಹೊಟ್ಟೆ ತುಂಬಿರುತ್ತದೆ. ಅದಕ್ಕೇ ಆ ಹೆಸರು. ನನ್ನ ಮಣಿಕಟ್ಟು ಅದುಮಿದ್ದವನು ಅವನ ಬಂಟ, ಗೋಣಿಚೀಲದಂಥ ಆಸಾಮಿ. ಹತ್ತು ನಿಮಿಷದ ಹಿಂದೆ ನಾನು ಈ ಬೈಂಡಿಂಗ್ ಶೆಡ್ಡಿನ ಕಿಟಕಿ ಹಾರಿದ್ದೆ. ಎರಡು ಗಲ್ಲಿ ಓಡಿದ್ದೆ. ರದ್ದಿ ಕಾಗದದ ಲಾರಿ ಹತ್ತಿದ್ದೆ... ಕಾಲು ಹಿಡಿದು ಎಳೆದು ತಂದಿದ್ದ ಮಹಾರಾಯ!

ನಾಲ್ಕೂವರೆಗೆ ಮಗಳ ಸ್ಕೂಲ್ ಬಿಡುತ್ತದೆ. ಒಂದು ಕೈ ಅವಳ ಬ್ಯಾಗಿಗೆ, ಇನ್ನೊಂದು ಅವಳಿಗೆ. ಎರಡೂ ಬೇಕಿತ್ತು ನನಗೆ.

ನನ್ನ ಕಸುಬು ಹೇಳಿಬಿಡುತ್ತೇನೆ. ಹಳೇ ವಸ್ತು ಕೊಳ್ಳುವವರ ಪರವಾಗಿ ಹೋಗಿ ಅಸಲಿಯೋ ನಕಲಿಯೋ ನೋಡುವುದು. ಈ ಸಲ ಕಳಿಸಿದವರು ಕಲ್ಲುಕ್ವಾರಿಯ ಒಡತಿ. ಎಲ್ಲರ ಬಾಯಲ್ಲೂ ಅವರು ಕ್ವಾರಿಯಮ್ಮ. ಅವರಿಗೆ ಬೇಕಾದ ಪುಸ್ತಕ ಅಲ್ಲೇ ಮೇಜಿನ ಮೇಲಿತ್ತು. ಒಬ್ಬ ನಾಟಕಕಾರನ ನಾಟಕಗಳೆಲ್ಲ ಮೊದಲ ಸಲ ಒಟ್ಟಿಗೆ ಅಚ್ಚಾದ ಸಂಪುಟ. ಮುನ್ನೂರು ವರ್ಷದ ಹಳೇದು. ಮೂರು ಗಂಟೆಗೆ ಕ್ವಾರಿಯಮ್ಮ ಬಂದಾಗ ನಾನು "ಅಸಲಿ" ಎಂದು ಬರೆದುಕೊಡಬೇಕು, ಅದು ಗೆದ್ದಲಿನ ಲೆಕ್ಕಾಚಾರ.

ಒಂದು ಪುಟ ನೋಡಿ ನಕ್ಕುಬಿಟ್ಟೆ.

ಅದೇ ಎಡವಟ್ಟಾಗಿದ್ದು.

"ಆ ಪುಟದಲ್ಲಿ ಏನು ಕಂಡೆ? ಬೊಗಳು!"

"ನನ್ನ ಅಕ್ಕನ ಕೈಕೆಲಸ!"

ಗೆದ್ದಲಿನ ಮುಖ ಸುಣ್ಣ ಬಳಿದಂತಾಯಿತು.

ಹನ್ನೆರಡು ವರ್ಷದ ಹಿಂದೆ ಒಂದು ಪ್ರೆಸ್ಸು ಇದೇ ಸಂಪುಟದ ಪಡಿಯಚ್ಚು ತೆಗೆಯುತ್ತಿತ್ತು. ಪ್ರತಿ ಪುಟದ ಫೋಟೋ ತೆಗೆದು, ಆಸಿಡ್‌ನಲ್ಲಿ ಸತುವಿನ ಬ್ಲಾಕ್ ಕೊರೆದು, ಇದ್ದದ್ದನ್ನು ಇದ್ದಂತೆಯೇ ಮತ್ತೆ ಅಚ್ಚು ಹಾಕುವ ಕೆಲಸ. ಬ್ಲಾಕ್ ಮಾಡುತ್ತಿದ್ದವಳು ಅಕ್ಕ. ಒಂದು ಮಧ್ಯಾಹ್ನ ಆಸಿಡ್ ಟ್ರೇ ಅವಳ ಮುಖದ ಮೇಲೆ ಮಗುಚಿತು.

ಎರಡೂ ಕಣ್ಣು ಹೋದವು.

ಪ್ರೆಸ್ಸಿಗೆ ಬಂದು ಹೋಗುತ್ತಿದ್ದ ಗೆದ್ದಲೇ ಎರಚಿದ್ದು ಎಂದಳು ಅಕ್ಕ. ಆ ದಿನ ತಾನು ಊರಲ್ಲೇ ಇರಲಿಲ್ಲ ಎಂದ ಗೆದ್ದಲು. "ಕಣ್ಣಿಲ್ಲದವಳು ಕಂಡಿದ್ದೇನು?" ಎಂದು ಹಲ್ಲು ಕಿಸಿದು ಫೈಲ್ ಮುಚ್ಚಿದರು ಪೊಲೀಸರು.

ನಾನು ಮುಚ್ಚಲಿಲ್ಲ.

"ಆ ಕಾಲದ ಅಚ್ಚಿನವರು ಹೇಗಿದ್ರು ಗೊತ್ತಾ?" ಎಂದೆ. ಮಾತು ಎಳೆದು ಸಮಯ ಗಳಿಸಬೇಕಿತ್ತು. "ಅಚ್ಚು ಹಾಕ್ತಾ ಹಾಕ್ತಾನೇ ತಪ್ಪು ಕಂಡ್ರೆ ಕೈ ತಡೆದು ತಿದ್ದೋರು. ಆಗಲೇ ಅಚ್ಚಾದ ತಪ್ಪು ಹಾಳೆ ಮಾತ್ರ ಬಿಸಾಡ್ತಿರಲಿಲ್ಲ, ಅದನ್ನೂ ಸೇರಿಸಿ ಹೊಲಿಯೋರು. ಅದಕ್ಕೇ ಒಂದು ಪ್ರತಿ ಇದ್ದಹಾಗೆ ಇನ್ನೊಂದಿಲ್ಲ."

"ನನಗೇ ಪಾಠ ಹೇಳ್ತೀಯಾ?"

"ಪೂರ್ತಿ ಕೇಳು! ಈ ಪುಟದಲ್ಲಿ ಎರಡು ತಪ್ಪು. ಮೇಲೆ ಪುಟದ ನಂಬರ್ ತಪ್ಪು. ಕೆಳಗೆ ಹೂಬಳ್ಳಿ ಚಿತ್ರ ತಲೆಕೆಳಗು. ಎರಡನ್ನೂ ಒಂದೇ ಸಲ ತಿದ್ದಿದಾರೆ. ಇದು ಬಿಟ್ಟು ಲೋಕದಲ್ಲಿ ಉಳಿದಿರೋದು ಹತ್ತೊಂಬತ್ತು ಪ್ರತಿ. ಹನ್ನೆರಡು ವರ್ಷದಲ್ಲಿ ಅಷ್ಟನ್ನೂ ಕಣ್ಣಾರೆ ನೋಡಿದೀನಿ. ಎರಡೂ ತಪ್ಪಿರುತ್ತೆ, ಇಲ್ಲಾ ಎರಡೂ ಸರಿ ಇರುತ್ತೆ."

"ಅದಕ್ಕೆ?"

"ನಿನ್ನ ಪ್ರತೀಲಿ ಮೇಲೆ ತಪ್ಪು... ಕೆಳಗೆ ಸರಿ!"

ಅಂಥ ಪುಟ ಮುನ್ನೂರು ವರ್ಷದ ಹಿಂದೆ ಹುಟ್ಟೇ ಇರಲಿಲ್ಲ. ಅದನ್ನು ಹುಟ್ಟಿಸಿದವಳು ಅಕ್ಕ. ಪ್ರೆಸ್ಸಿಗೆ ಬಂದಿದ್ದ ಎರಡು ಪ್ರತಿಗಳಲ್ಲಿ ಒಂದರ ಪುಟಕ್ಕೆ ಕೆಳಗಡೆ ಹುಳು ಹಿಡಿದಿತ್ತು, ಇನ್ನೊಂದರದು ಮೇಲ್ಗಡೆ ಹರಿದಿತ್ತು. ಚೆನ್ನಾಗಿದ್ದ ಎರಡು ಅರ್ಧ ಜೋಡಿಸಿ ಬ್ಲಾಕ್ ಮಾಡಿದಳು. ಪರೀಕ್ಷೆಗೆಂದು ಒಂದೇ ಒಂದು ಪ್ರೂಫ್ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಆ ಮಧ್ಯಾಹ್ನವೇ ಬ್ಲಾಕ್ ಮಾಯ! ಪ್ರೆಸ್ಸಿನವರು ಬೇರೆ ಪ್ರತಿ ತರಿಸಿ ಹೊಸ ಬ್ಲಾಕ್ ಮಾಡಿಸಿಕೊಂಡರು.

"ಆ ಬ್ಲಾಕ್ ಕದ್ದವನೇ ಆ ರೂಮಿನಲ್ಲಿದ್ದವನು," ಎಂದೆ. "ನಿನ್ನ ಪುಸ್ತಕದಲ್ಲಿ ಒಂದು ಹಾಳೆ ಕಡಿಮೆ ಇತ್ತು, ಆ ಬ್ಲಾಕಲ್ಲಿ ಅಚ್ಚು ಹಾಕಿ ಸೇರಿಸಿದೆ. ಅದಕ್ಕೋಸ್ಕರ ನನ್ನ ಅಕ್ಕನ ಎರಡು ಕಣ್ಣು!"

"ಒತ್ತೋ!" ಅರಚಿದ ಗೆದ್ದಲು.

ಗೋಣಿಚೀಲ ತಲೆ ಕೆರೆದುಕೊಂಡ. "ಯಜಮಾನ್ರೇ... ಎರಡು ಬಟನ್ ಇದೆ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದ್ರೇನೇ ಬ್ಲೇಡ್ ಇಳಿಯೋದು."

ನನಗೆ ಗೊತ್ತಿತ್ತು. ಬೈಂಡರ್‌ಗಳ ಬೆರಳು ಉಳಿಯಲಿ ಅಂತಲೇ ಹಾಗೆ ಮಾಡಿರುತ್ತಾರೆ. ಈ ಕ್ಷಣಕ್ಕೇ ಕಾಯುತ್ತಿದ್ದೆ!

"ದರಿದ್ರದವನೇ, ಕೊಡು ಇಲ್ಲಿ!"

ಗೋಣಿಚೀಲದ ಎರಡೂ ಕೈ ಬಟನ್‌ಗಳಿಗೆ ಹೋದವು, ಗೆದ್ದಲು ತಾನೇ ನನ್ನ ಮಣಿಕಟ್ಟು ಹಿಡಿದ. ಪುಸ್ತಕ ಸವರಿ ಸವರಿ ಮೆತ್ತಗಾದ ಕೈ.

ತಿರುಚಿ ಎಳೆದೆ. ನನ್ನ ಕೈ ಹೊರಗೆ... ಅವನದು ಒಳಗೆ!

ಪೆಡಲ್ ತುಳಿದೆ. ಹಾಳೆ ಅಲುಗದಂತೆ ಹಿಡಿಯುವ ಕಬ್ಬಿಣದ ಪಟ್ಟಿ ಧಡ್ಡನೆ ಇಳಿದು ಅವನ ಕೈಯನ್ನು ಕಚ್ಚಿತು. ಅದಕ್ಕೆ ಕರೆಂಟ್ ಬೇಡ, ಕಾಲಿದ್ದರೆ ಸಾಕು.

"ಒತ್ತೋ ಮಾರಾಯ, ಯಾಕೆ ನಿಲ್ಲಿಸ್ದೆ?" ಎಂದೆ ಗೋಣಿಚೀಲಕ್ಕೆ.

ಕೆಂಡ ಮುಟ್ಟಿದವನಂತೆ ಅವನು ಬಟನ್‌ಗಳಿಂದ ಕೈ ತೆಗೆದ. ಅಲ್ಲಿ ನನ್ನ ಎರಡು ಹೆಬ್ಬೆರಳು ಕೂತವು.

"ಹೊರಗೆ ಹೋಗು."

"ಹೋಗೋ! ಹೋಗೋ ಕತ್ತೆ!" ಗೆದ್ದಲೇ ಕಿರುಚಿದ. ಗೋಣಿಚೀಲ ಬಾಗಿಲು ದಾಟಿ ಓಡಿದ.

"ಆವತ್ತು ಎಲ್ಲಿದ್ದೆ?"

"ಊರಲ್ಲಿರಲಿಲ್ಲ... ದೇವರಾಣೆ..."

ಒಂದು ಬಟನ್ ಅದುಮಿದೆ.

"ಇದ್ದೆ! ಪ್ರೆಸ್ಸಲ್ಲೇ ಇದ್ದೆ! ಬ್ಲಾಕ್ ತಗೊಳ್ತಿದ್ದೆ... ನೋಡಿಬಿಟ್ಲು. ಕೂಗಿದ್ಲು. ಟ್ರೇ ಎತ್ತಿ ಮುಖಕ್ಕೆ... ಬಾಯಿ ಮುಚ್ಚಲಿ ಅಂತ ಅಷ್ಟೇ ತಮ್ಮಾ! ಕಣ್ಣು ಹೋಗುತ್ತೆ ಅಂತ ಗೊತ್ತಿರಲಿಲ್ಲ!"

"ಆಸಿಡ್ ಅಂತ ಗೊತ್ತಿತ್ತಲ್ಲ?"

ಗೆದ್ದಲು ಸಿಕ್ಕಿಬಿದ್ದ ಕೈಯನ್ನು ಎಳೆದಾಡಿದ.

ಅಷ್ಟು ಸಾಕಿತ್ತು. ಸತ್ಯ ಸಿಕ್ಕಿತ್ತು, ಕೈ ತೆಗೆಯಬಹುದಿತ್ತು. ಹನ್ನೆರಡು ವರ್ಷ ಅಕ್ಕ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುವುದನ್ನು ನೋಡಿದ್ದೆ. ನನ್ನ ಮಗಳ ಮುಖವನ್ನು ಬೆರಳಲ್ಲೇ ಓದುವುದನ್ನು ನೋಡಿದ್ದೆ.

ಎರಡೂ ಬಟನ್ ಒತ್ತಿದೆ!

ಗೆದ್ದಲು ಕಿರುಚಿದ.

ಬ್ಲೇಡ್ ಅಲುಗಲಿಲ್ಲ.

ಮತ್ತೆ ಒತ್ತಿದೆ. ಊಹೂಂ. ತಲೆ ಮೇಲಿನ ಫ್ಯಾನ್ ನಿಧಾನಕ್ಕೆ ನಿಲ್ಲುತ್ತಿತ್ತು.

ಬಾಗಿಲಲ್ಲಿ ಕ್ವಾರಿಯಮ್ಮ. ಅವರ ಒಂದು ಕೈ ಮೇನ್ ಸ್ವಿಚ್ಚಿನ ಮೇಲೆ, ಇನ್ನೊಂದರಲ್ಲಿ ರೆಕಾರ್ಡ್ ಆಗುತ್ತಿದ್ದ ಮೊಬೈಲ್. ಹಿಂದೆ ಅವರ ಡ್ರೈವರ್, ಗೋಣಿಚೀಲದ ಕುತ್ತಿಗೆ ಹಿಡಿದುಕೊಂಡು.

"ಪುಸ್ತಕ ನೋಡೋಕೆ ಬಂದೆ, ನಾಟಕವೇ ಸಿಕ್ತು," ಎಂದರು. "ಕಾಲು ತೆಗಿಯಪ್ಪ. ಅವನ ಕೈ ಬೇಕು ನನಗೆ."

"ಯಾಕಮ್ಮ?"

"ಪೊಲೀಸರ ಮುಂದೆ ಹೇಳಿಕೆಗೆ ಸೈನ್ ಹಾಕ್ಬೇಕಲ್ಲ!"

ಕಾಲು ತೆಗೆದೆ. ತೆಗೆಯಲು ಮನಸ್ಸಿರಲಿಲ್ಲ.

ಪೊಲೀಸರು ಬಂದರು. ಪುಸ್ತಕ ಹೋಯಿತು, ಗೆದ್ದಲೂ ಹೋದ. ಸ್ಕೂಲಿಗೆ ಅರ್ಧ ಗಂಟೆ ಲೇಟಾಗಿ ಮುಟ್ಟಿ ಮಗಳಿಂದ ಬೈಸಿಕೊಂಡೆ.

ಮನೆಯಲ್ಲಿ ಅಕ್ಕ ಆ ಹಳೇ ಪ್ರೂಫ್ ತೊಡೆಯ ಮೇಲಿಟ್ಟುಕೊಂಡು ಎಲ್ಲ ಕೇಳಿದಳು.

"ಜೋಡಿಸಿದ ಗೆರೆ ಯಾರಿಗಾದ್ರೂ ಕಾಣಿಸ್ತಾ?"

"ಯಾರಿಗೂ ಇಲ್ಲ ಅಕ್ಕ."

ಬಹಳ ದಿನದ ಮೇಲೆ ನಕ್ಕಳು. ಆಮೇಲೆ ಕೈ ಚಾಚಿ ನನ್ನ ಮುಖ ಸವರಿದಳು. ಬೆರಳು ಹಣೆಯ ಹತ್ತಿರ ನಿಂತಿತು.

"ನಿಜ ಹೇಳೋ. ಅವನಿಗೆ ನೀನೇನೂ ಮಾಡ್ಲಿಲ್ಲ ತಾನೆ?"

"ಇಲ್ಲ ಅಕ್ಕ," ಎಂದೆ. "ಕರೆಂಟ್ ಇರಲಿಲ್ಲ."