ನಾಲ್ಕೂವರೆ ಲೀಟರ್ ಡೀಸೆಲ್

ತಿಕೋಟಾದ ಕೋಲ್ಡ್ ಸ್ಟೋರೇಜಿನ ಬಾಗಿಲು ತೆರೆದಾಗ ಸಂಜೆ ಆರು ಗಂಟೆ. ಬಾಗಿಲಿಗೇ ಒರಗಿ ಬಿದ್ದಿದ್ದ ಕಾವಲುಗಾರ ಗುರುಪಾದಯ್ಯ. ತುಟಿ ನೀಲಿಗಟ್ಟಿತ್ತು. ಬಡಿದು ಬಡಿದು ಬೆರಳ ಗೆಣ್ಣುಗಳು ಒಡೆದಿದ್ದವು. ಉಸಿರು ಮಾತ್ರ ಇತ್ತು.

ಒಳಗಿದ್ದ ಅರವತ್ತು ಬಾಕ್ಸ್ ಒಣದ್ರಾಕ್ಷಿ ಮಾಯವಾಗಿತ್ತು.

ಅಂದು ಬಬಲೇಶ್ವರದ ಸಂತೆ. ಕೆಲಸದವರಿಗೆಲ್ಲ ರಜೆ. ರಸ್ತೆಯ ಕ್ಯಾಮೆರಾಗಳಲ್ಲಿ ಸಿಕ್ಕಿದ್ದು ಒಂದು ಬಿಳಿ ಪಿಕಪ್. ಬಬಲೇಶ್ವರದಿಂದ ತಿಕೋಟಾ, ಅಲ್ಲಿಂದ ವಿಜಯಪುರದ ಜಲನಗರ, ಮತ್ತೆ ಬಬಲೇಶ್ವರ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು. ಆದರೆ ಬಾಗಿಲ ಮೇಲೆ ಸ್ಟೋರೇಜಿನ ಮಾಲೀಕ ಮಲ್ಲಿಕಾರ್ಜುನನ ಗಾಡಿಗಳಿಗಿರುವ ಹಸಿರು ಪಟ್ಟೆ.

ಅಂಥ ಪಿಕಪ್ ಅವನ ಬಳಿ ಎರಡೇ. ಒಂದನ್ನು ಜೈನಾಪುರದ ಸಂಗು ಓಡಿಸುತ್ತಿದ್ದ. ಇನ್ನೊಂದನ್ನು ಮಲ್ಲಿಕಾರ್ಜುನನ ಅಕ್ಕನ ಮಗ ಅಜಿತ. ಎರಡಕ್ಕೂ ಅಂದು ಬೆಳಿಗ್ಗೆ ಟ್ಯಾಂಕ್ ತುಂಬ ಡೀಸೆಲ್ ಹಾಕಿಸಿ ಬಬಲೇಶ್ವರದ ಅಂಗಳದಲ್ಲಿ ನಿಲ್ಲಿಸಿದ್ದರು.

ರಾತ್ರಿಯೇ ಪೊಲೀಸರು ಎರಡನ್ನೂ ಬಂಕಿಗೆ ಒಯ್ದರು. ಅಜಿತನ ಗಾಡಿ ಒಂದು ಹನಿಯನ್ನೂ ಹಿಡಿಯಲಿಲ್ಲ. ಕಿಲೋಮೀಟರ್ ಅಂಕಿಯೂ ಬೆಳಗಿನ ಬಿಲ್ಲಿನಲ್ಲಿದ್ದಷ್ಟೇ. ಸಂಗುವಿನ ಗಾಡಿಯ ಮೀಟರ್ ಕೆಟ್ಟು ವರ್ಷವಾಗಿತ್ತು. ಟ್ಯಾಂಕು ಮಾತ್ರ ನಾಲ್ಕೂವರೆ ಲೀಟರ್ ಕುಡಿಯಿತು.

ಸಂಗು ಲಾಕಪ್ಪಿಗೆ ಹೋದ.

* * *

ಸಬ್‌ಇನ್ಸ್‌ಪೆಕ್ಟರ್ ಸೌಭಾಗ್ಯ ಮರುದಿನ ಬೆಳಿಗ್ಗೆ ಕೋಲ್ಡ್ ಸ್ಟೋರೇಜಿನೊಳಗೆ ನಿಂತಳು.

"ಸಿದ್ದರಾಮ, ಬಾಗಲಾ ಹಾಕು. ಎರಡ ನಿಮಿಷ."

ಕಾನ್‌ಸ್ಟೆಬಲ್ ಹಿಂಜರಿದ. "ಒಳಗ ಹಿಡಿಕಿ ಕೆಟ್ಟೈತ್ರಿ ಮೇಡಂ."

"ಅದಕ್ಕ ಹಾಕಂದೆ."

ಬಾಗಿಲು ಮುಚ್ಚಿತು. ಕತ್ತಲು ಕಣ್ಣಿಗೆ ಮೆತ್ತಿಕೊಂಡಿತು. ಮೇಲೆ ಫ್ಯಾನಿನ ಒಂದೇ ಸಮನೆ ಗೊರಗೊರ. ಕೈ ಚಾಚಿದಲ್ಲೆಲ್ಲ ತಣ್ಣನೆಯ ಗೋಡೆ. ಎರಡು ನಿಮಿಷ ಎಂದು ತಾನೇ ಹೇಳಿದ್ದರೂ ಮೊದಲ ನಿಮಿಷಕ್ಕೇ ಅಂಗೈ ತಾನಾಗಿ ಬಾಗಿಲು ಬಡಿಯಿತು. ಗುರುಪಾದಯ್ಯ ಇಲ್ಲಿ ನಾಲ್ಕು ತಾಸು ಇದ್ದ.

ಹೊರಗೆ ಬಂದಾಗ ಆಸ್ಪತ್ರೆಯಿಂದ ಫೋನ್. ಮುದುಕ ಕಣ್ಣು ಬಿಟ್ಟಿದ್ದ. ಶಬ್ದ ಕೇಳಿ ಒಳಗೆ ಹೋದೆ, ಹಿಂದಿನಿಂದ ಬಾಗಿಲು ಬಿತ್ತು, ಯಾರ ಮುಖವನ್ನೂ ನೋಡಲಿಲ್ಲ ಎಂದನಂತೆ.

* * *

ಲಾಕಪ್ಪಿನ ಮೂಲೆಯಲ್ಲಿ ಸಂಗು ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದ. ರಾತ್ರಿಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು.

"ಹೋದ ವಾರ ಗುರುಪಾದಯ್ಯನ ಕೂಡ ಜಗಳ ಆಡೀದಿ?"

"ಹೌದ್ರಿ. ಗೇಟ್ ತಗ್ಯಾಕ ತಡಾ ಮಾಡಿದಾ ಅಂತ."

"ನಿನ್ನೆ ಎಲ್ಲಿದ್ದಿ?"

"ಜ್ವರಾ ಬಂದಿತ್ರಿ. ಮನ್ಯಾಗ ಒಬ್ಬನ ಮಲಗಿದ್ನಿ. ಯಾರೂ ನೋಡಿಲ್ಲ." ಅವನ ದನಿ ಕುಸಿಯಿತು. "ಯಾ ಕಡೆ ಹೊಳ್ಳಿದ್ರೂ ಗ್ವಾಡಿನ ಐತ್ರಿ ನನಗ."

"ಡೀಸೆಲ್ ಹೆಂಗ ಕಮ್ಮಿ ಆತು?"

ಸಂಗು ಮೊದಲ ಸಲ ತಲೆ ಎತ್ತಿದ. "ಅದ ತಿಳೀವಲ್ದರಿ. ಅಷ್ಟೆಲ್ಲಾ ತಿರಗಿ ಬರಾಕ ನನ್ನ ಗಾಡಿಗಿ ನಾಲ್ಕೂವರಿ ಲೀಟರ್ ಸಾಕಾಗಿದ್ರ, ಸಾಹುಕಾರ್ರು ದಿನಾ ಯಾಕ ಬೈತಿದ್ರು? ನಂದು ದೊಡ್ಡ ಇಂಜಿನ್ರಿ, ಎರಡೂವರಿ ಲೀಟರಿಂದು. ಲೀಟರ್ ಡೀಸೆಲ್ಲಿಗಿ ಹತ್ತ ಕಿಲೋಮೀಟರ್ ಮ್ಯಾಲ ಮೈಲೇಜ್ ಕೊಡೂದಿಲ್ಲ."

"ಅಜಿತಂದು?"

"ಸಣ್ಣದು, ಒಂದೂವರಿ ಲೀಟರಿಂದು. ಹದಿನೈದು ಕೊಡತೈತಿ. ಹೊರಗಿಂದ ನೋಡಿದ್ರ ಎರಡೂ ಒಂದ."

ಸೌಭಾಗ್ಯ ಸಿದ್ದರಾಮನನ್ನು ಕೂಗಿದಳು.

* * *

ಮಧ್ಯಾಹ್ನ ಎರಡೂ ಪಿಕಪ್‌ಗಳ ಟ್ಯಾಂಕ್ ಬಾಯಿಮಟ ತುಂಬಿಸಿದರು. ತಿಕೋಟಾದಲ್ಲಿ ಅಷ್ಟೇ ತೂಕದ ಬೇರೆ ಅರವತ್ತು ಬಾಕ್ಸ್ ಹೇರಿ, ಜಲನಗರದಲ್ಲಿ ಇಳಿಸಿ, ಕ್ಯಾಮೆರಾ ತೋರಿಸಿದ ದಾರಿಯಲ್ಲೇ ಎರಡನ್ನೂ ಓಡಿಸಿದರು. ಜೀಪಿನ ಲೆಕ್ಕದಲ್ಲಿ ಅರವತ್ತೆಂಟು ಕಿಲೋಮೀಟರ್. ಸಂಜೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದರು.

ಸಂಗುವಿನ ಗಾಡಿ ಹಿಡಿದದ್ದು ಏಳು ಲೀಟರ್. ಅಜಿತನದು ನಾಲ್ಕೂವರೆ.

* * *

ಠಾಣೆಯಲ್ಲಿ ಅಜಿತ ಕಾಲ ಮೇಲೆ ಕಾಲು ಹಾಕಿ ಕೂತ. ಪಕ್ಕದಲ್ಲಿ ಮಲ್ಲಿಕಾರ್ಜುನ.

"ಸಂಗು ಗಾಡಿ ತಗೊಂಡು ಹೋಗೂದ ನಾನ ನೋಡೇನ್ರಿ," ಎಂದ ಅಜಿತ.

"ಆ ಗಾಡಿ ಹೋಗಿದ್ರ ಏಳ ಲೀಟರ್ ಕುಡೀಬೇಕಿತ್ತು," ಎಂದಳು ಸೌಭಾಗ್ಯ. "ದೊಡ್ಡ ಇಂಜಿನ್. ಕಮ್ಮಿ ಆಗಿದ್ದು ನಾಲ್ಕೂವರಿ. ಅದು ನಿನ್ನ ಸಣ್ಣ ಇಂಜಿನ್ ಸುಟ್ಟ ಲೆಕ್ಕ."

"ನನ್ನ ಟ್ಯಾಂಕ್ ತುಂಬೇ ಇತ್ತಲ್ರಿ."

"ನಿನ್ನ ಗಾಡೀನ ತಿರಗಿ ಬಂತು. ನಿನ್ನ ಟ್ಯಾಂಕ್ ತುಂಬೂತನಕ ಸಂಗೂನ ಟ್ಯಾಂಕಿಂದ ಪೈಪ್ ಹಾಕಿ ಎಳದಿ. ನಿಂದು ತುಂಬಿತು, ಅಂವಂದು ಕಮ್ಮಿ ಆತು. ಆದ್ರ ಅಂವನ ಇಂಜಿನ್ ಎಷ್ಟ ಕುಡೀತೈತಿ ಅನ್ನೂದು ನಿನಗ ಹೊಳೀಲಿಲ್ಲ."

"ಮತ್ತ ಮೀಟರ್?"

"ಅದರ ವಾಯರ್ ಕಿತ್ತು ಗಾಡಿ ಓಡಿಸಿ, ಬಂದ ಮ್ಯಾಲ ಮತ್ತ ಸಿಗಿಸೀದಿ. ಗಾಡಿ ಕೆಳಗೆಲ್ಲಾ ವರ್ಷದ ಧೂಳ ಐತಿ. ಆ ಪ್ಲಗ್ಗಿನ ಮ್ಯಾಲ ಅಷ್ಟ ಬೆರಳಿನ ಗುರ್ತು." ಅವಳು ಕಿಟಕಿಯತ್ತ ಕೈ ತೋರಿದಳು. ಅಂಗಳದಲ್ಲಿ ಸಿದ್ದರಾಮ ಜೀಪಿನಿಂದ ಬಾಕ್ಸ್‌ಗಳನ್ನು ಇಳಿಸುತ್ತಿದ್ದ. "ಜಲನಗರದಾಗ ನೀ ಹಿಡಿದ ಬಾಡಿಗಿ ಖೋಲಿಯಾಗ ಸಿಕ್ಕಾವು."

ಅಜಿತನ ಕಾಲು ಕೆಳಗಿಳಿಯಿತು.

"ಹತ್ತ ವರ್ಷ ಮಾಮಾನ ಗಾಡಿ ಹೊಡದೇನ್ರಿ," ಎಂದ. "ಪಾಲು ಕೇಳಿದ್ರ ನಗತಿದ್ದಾ. ಮುದಕನ್ನ ಕೊಲ್ಲಬೇಕಂತ ಇರಲಿಲ್ಲ. ಅಂವ ಒಳಗ ಹ್ವಾದಾ, ನನ್ನ ಮಾರಿ ನೋಡ್ಯಾನು ಅಂತ ಬಾಗಲಾ ಎಳದ್ನಿ."

"ಬಡದಾನಲ್ಲ ಅಂವ. ಕೇಳಿಸಲಿಲ್ಲೇನು?"

ಅಜಿತ ನೆಲ ನೋಡಿದ.

"ಕೇಳಸ್ತಿತ್ರಿ. ಗಾಡಿ ಚಾಲೂ ಮಾಡಿದ್ನಿ. ಆಮ್ಯಾಲ ಕೇಳಿಸಲಿಲ್ಲ."

ಮಲ್ಲಿಕಾರ್ಜುನ ಕುರ್ಚಿಯನ್ನು ಅವನಿಂದ ದೂರ ಸರಿಸಿಕೊಂಡ. ಸೌಭಾಗ್ಯ ಬೀಗದ ಕೈ ತೆಗೆದುಕೊಂಡು, ಸಂಗುವನ್ನು ಹೊರಗೆ ಬಿಡಲು ಎದ್ದಳು.