ಸ್ಟ್ರಾಬೆರಿ ಮಂಜು

“ಒಣಗಿದ ಕೆರೆ!”

“ಆನೆ ಮಂಡಿ!”

“ನಮ್ಮ ತಾತನ ಹಿಮ್ಮಡಿ!”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಬೋರ್ಡಿಗೆ ಅಂಟಿಸಿದ್ದ ಫೋಟೋದಲ್ಲಿ ಬರೀ ಬಿರುಕುಗಳು. ಅದನ್ನು ತೆಗೆದ ಗುಬ್ಬಿ ತುಟಿ ಕಚ್ಚಿಕೊಂಡು ಕೂತಿದ್ದಳು. ಮೂರು ಊಹೆ ಮುಗಿದಿತ್ತು. ಇನ್ನೆರಡು ತಪ್ಪಾದರೆ ಗೆದ್ದ ಹಾಗೆ.

ಪ್ರತಿ ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಇದೇ ಆಟ. ದಿನಾ ಬಳಸುವ ಯಾವುದಾದರೂ ವಸ್ತುವನ್ನು ತೀರಾ ಹತ್ತಿರದಿಂದ ಫೋಟೋ ತೆಗೆದು ಮಿಸ್‌ಗೆ ಕಳಿಸಬೇಕು. ಮಿಸ್ ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಅಂಟಿಸುತ್ತಾರೆ. ಐದು ಊಹೆಯಲ್ಲಿ ಯಾರೂ ಸರಿಯಾಗಿ ಹೇಳದಿದ್ದರೆ, ಫೋಟೋ ತೆಗೆದವರಿಗೆ ಒಂದು ವಾರ ಶಾಲೆಯ ಬೆಲ್ ಹೊಡೆಯುವ ಕೆಲಸ!

ಮುಂದಿನ ಬೆಂಚಿನಿಂದ ಸೋಡಾಬುಡ್ಡಿ ಎದ್ದು ನಿಂತ. ಕನ್ನಡಕದ ಗಾಜು ದಪ್ಪ ಇದ್ದುದಕ್ಕೆ ಅವನಿಗೆ ಆ ಹೆಸರು.

“ಸೋಪು, ಮಿಸ್. ಸವೆದು ಒಣಗಿರೋ ಸೋಪು. ನಮ್ಮ ಬಚ್ಚಲಲ್ಲೂ ಒಂದು ಬಿದ್ದಿದೆ.”

ಅವನ ಕನ್ನಡಕ ಕಿತ್ತು ಕಿಟಕಿಯಾಚೆ ಎಸೆಯಬೇಕು ಅನಿಸಿತು ಗುಬ್ಬಿಗೆ.

ಗುಬ್ಬಿಯ ಹತ್ತಿರ ಒಂದು ಗುಟ್ಟಿತ್ತು. ಅವಳ ಅಜ್ಜನದು ವಾಚ್ ರಿಪೇರಿ ಅಂಗಡಿ. ಅಲ್ಲಿದ್ದುದು ಒಂದು ಮೇಜು, ಒಂದು ದೀಪ, ಗೋಡೆ ತುಂಬ ಒಂದೊಂದು ಟೈಮ್ ತೋರಿಸುವ ಗಡಿಯಾರಗಳು. ಕಪ್ಪು ಬಟ್ಟಲಿನಂಥ ಲೆನ್ಸನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು ಅಜ್ಜ ಇರುವೆ ಕಾಲಿನಷ್ಟು ಸಣ್ಣ ಸ್ಕ್ರೂ ತಿರುಗಿಸುತ್ತಿದ್ದ. ಆ ಲೆನ್ಸನ್ನು ಯಾರೂ ಮುಟ್ಟಬಾರದು.

ಆದರೆ ಸಂಜೆ ಅಜ್ಜ ಟೀ ಕುಡಿಯಲು ಹೋಗುತ್ತಿದ್ದ. ಬರೋಬ್ಬರಿ ಹತ್ತು ನಿಮಿಷ. ಶಾಲೆ ಬಿಟ್ಟ ಮೇಲೆ ಗುಬ್ಬಿ ಅಂಗಡಿಯಲ್ಲೇ ಇರುತ್ತಿದ್ದಳು. ಜೊತೆಗೆ ಅಮ್ಮನ ಹಳೇ ಫೋನ್.

ಸೋಮವಾರ ಲೆನ್ಸನ್ನು ಫೋನಿಗೆ ಹಿಡಿದು ನೋಡಿದಳು. ಲೆನ್ಸ್ ಜಾರುತ್ತಲೇ ಇತ್ತು. ಆಗ ಒಂದು ಭಾರಿ ಐಡಿಯಾ ಹೊಳೆಯಿತು. ಬಾಯಲ್ಲಿದ್ದ ಬಬಲ್‌ಗಮ್ ತೆಗೆದು ಲೆನ್ಸಿನ ಅಂಚಿಗೆ ಮೆತ್ತಿ ಫೋನಿಗೆ ಅಂಟಿಸಿದಳು. ಅಲ್ಲಾಡಲೇ ಇಲ್ಲ! ಬಾಚಣಿಗೆಯ ಫೋಟೋ ತೆಗೆದಳು. ಇದನ್ನು ಯಾರಾದರೂ ಸುಲಭವಾಗಿ ಹೇಳಿಬಿಡುತ್ತಾರೆ ಅನಿಸಿತು. ಅಷ್ಟರಲ್ಲಿ ಅಜ್ಜನ ಚಪ್ಪಲಿ ಸದ್ದು. ಗಮ್ ಕಿತ್ತು, ಲೆನ್ಸನ್ನು ಸ್ಕರ್ಟಿಗೆ ಪರಪರ ಉಜ್ಜಿ, ಇದ್ದಲ್ಲೇ ಇಟ್ಟು, ಏನೂ ತಿಳಿಯದವಳ ಹಾಗೆ ಪುಸ್ತಕ ಹಿಡಿದಳು. ಪುಸ್ತಕ ತಲೆಕೆಳಗಾಗಿತ್ತು.

ಮಂಗಳವಾರ ಅಜ್ಜ ಪೋಸ್ಟ್‌ಮ್ಯಾನಿಗೆ ಅವರ ವಾಚನ್ನು ಹಾಗೇ ವಾಪಸ್ ಕೊಟ್ಟ.

“ಆಗಲ್ಲಪ್ಪ. ಒಳಗಡೆ ಎಲ್ಲ ಮಂಜು ಮಂಜು. ನನ್ನ ಕಣ್ಣು ಹೋಯ್ತು ಅಂತ ಕಾಣುತ್ತೆ.”

“ಲೆನ್ಸ್ ಒರೆಸಿ ನೋಡಿದ್ರಾ?”

“ಕಣ್ಣಿಗಿಟ್ಟುಕೊಳ್ಳೋ ಕಡೆ ದಿನಾ ಒರೆಸ್ತೀನಲ್ಲ! ಕಣ್ಣೊಂದೇ ಅಲ್ಲ, ಮೂಗೂ ಕೆಟ್ಟಿದೆ. ವಾಚ್ ಹಿಡಿದ್ರೆ ಸ್ಟ್ರಾಬೆರಿ ವಾಸನೆ!”

ಮೂಲೆಯಲ್ಲಿ ಗುಬ್ಬಿಯ ದವಡೆ ಟಕ್ಕನೆ ನಿಂತಿತು. ಲೆನ್ಸ್ ಮುಟ್ಟಿದ್ದು ಗೊತ್ತಾದರೆ ಕತೆ ಮುಗಿಯಿತು! ಗಮ್ಮನ್ನು ಗುಳುಂ ಎಂದು ನುಂಗಿದಳು.

“ಶನಿವಾರ ಎಲ್ಲರ ವಾಚೂ ವಾಪಸ್ ಕೊಟ್ಟು ಬಾಗಿಲು ಹಾಕಿಬಿಡ್ತೀನಿ,” ಅಂದ ಅಜ್ಜ, ಯಾರಿಗೆ ಹೇಳಿದನೋ.

ಅಜ್ಜನಿಗೆ ವಯಸ್ಸಾಯಿತು, ಪಾಪ ಎಂದುಕೊಂಡಳು ಗುಬ್ಬಿ. ಆಮೇಲೆ ಮತ್ತೆ ಬೆಲ್ ನೆನಪಾಯಿತು.

ಗುರುವಾರ ಲೆನ್ಸ್ ಮೇಜಿನ ಮೂಲೆಯಲ್ಲಿ ಬಿದ್ದಿತ್ತು. ಗುಬ್ಬಿ ಎದುರಿಗೆ ಸಿಕ್ಕಿದ ಒಂದು ಪುಟ್ಟ ವಸ್ತುವಿನ ಫೋಟೋ ತೆಗೆದಳು. ಮಸುಕು ಮಸುಕಾಗಿ ಬಂತು. ಇನ್ನೂ ಒಳ್ಳೇದೇ! ಇದನ್ನು ಸೋಡಾಬುಡ್ಡಿಯ ತಾತ ಬಂದರೂ ಹೇಳಲಾರ.

ಶುಕ್ರವಾರ ಬೋರ್ಡಿನ ಮುಂದೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನಿಂತರು.

“ಮುಳ್ಳುಹಂದಿ!”

“ಬಿದಿರು ಕಾಡು!”

“ಕುದುರೆ ಬಾಲ!”

“ಹೆಡ್‌ಮಾಸ್ಟರ್ ಮೀಸೆ!” ಎಂದು ಯಾರೋ ಪಿಸುಗುಟ್ಟಿದರು. ಮಿಸ್ ಕೆಮ್ಮಿ ನಗು ಮುಚ್ಚಿಕೊಂಡರು.

ಉಳಿದದ್ದು ಒಂದೇ ಊಹೆ. ಎಲ್ಲರೂ ಸೋಡಾಬುಡ್ಡಿಯ ಕಡೆ ತಿರುಗಿದರು. ಅವನು ಫೋಟೋಗೆ ಮೂಗು ತಾಗಿಸಿ ನೋಡಿದ.

“ಕಸಪೊರಕೆನಾ? ಗೊತ್ತಾಗ್ತಿಲ್ಲ, ಮಿಸ್. ಆದ್ರೆ ಇವಳು ಮೊದಲು ಗಾಜು ತೊಳೀಬೇಕು. ಬಿಸ್ಕೆಟ್ ತಿಂದ ಕೈಲಿ ಮುಟ್ಟಿದ್ರೆ ನನ್ನ ಕನ್ನಡಕಾನೂ ಹೀಗೇ ಮಂಜಾಗುತ್ತೆ. ನನ್ನ ಕಣ್ಣೇ ಹೋಯ್ತು ಅಂತ ಒಂದ್ಸಲ ಅತ್ತುಬಿಟ್ಟಿದ್ದೆ.”

“ಕಸಪೊರಕೆ ಅಲ್ಲ ತಾನೇ? ಹಾಗಾದ್ರೆ ಗುಬ್ಬಿ ಗೆದ್ದಳು!” ಎಂದರು ಮಿಸ್.

ಎಲ್ಲರೂ ಚಪ್ಪಾಳೆ ತಟ್ಟಿದರು. ಗುಬ್ಬಿಗೆ ಕೇಳಿಸಲಿಲ್ಲ. ಮಂಜು. ಗಾಜು. ಸ್ಟ್ರಾಬೆರಿ. ಅವಳ ಕಿವಿ ಬಿಸಿಯಾಯಿತು.

ಗೆದ್ದವರು ಆ ಸಂಜೆಯ ಬೆಲ್ಲನ್ನೇ ಮೊದಲು ಹೊಡೆಯಬೇಕು. ಎಷ್ಟು ದಿನದ ಆಸೆ! ಗುಬ್ಬಿ ಢಣಢಣ ಎಂದು ನಾಲ್ಕೇಟು ಬಾರಿಸಿ, ಸುತ್ತಿಗೆಯನ್ನು ಸೋಡಾಬುಡ್ಡಿಯ ಕೈಗೆ ತುರುಕಿ, ಫೋಟೋ ಸುತ್ತಿಕೊಂಡು ಓಡಿದಳು.

ಅಂಗಡಿಯಲ್ಲಿ ಅಜ್ಜ ಒಂದೊಂದೇ ವಾಚನ್ನು ಕಾಗದದಲ್ಲಿ ಸುತ್ತಿ ಹೆಸರು ಬರೆಯುತ್ತಿದ್ದ. ದೀಪ ಆರಿತ್ತು.

“ಅಜ್ಜ, ನಿಲ್ಲಿಸು! ನಿನ್ನ ಕಣ್ಣು ಸರಿಯಿದೆ! ಹೋಗಿರೋದು ಲೆನ್ಸು! ಹೊರಗಿನ ಕಡೆ... ನಾನು... ಗಮ್ಮು...”

ಏದುಸಿರಿನಲ್ಲೇ ಫೋಟೋ ಆಟ, ಬೆಲ್ಲು, ಗಮ್ಮು ಎಲ್ಲ ಹೇಳಿಬಿಟ್ಟಳು. ಅಜ್ಜ ಬೈಯಲಿಲ್ಲ. ಹತ್ತಿಯನ್ನು ವಾಚಿನ ಚಕ್ರ ತೊಳೆಯುವ ಪೆಟ್ರೋಲ್ ಬಟ್ಟಲಿನಲ್ಲಿ ಅದ್ದಿ ಲೆನ್ಸಿನ ಹೊರಬದಿ ಒರೆಸಿದ. ಹತ್ತಿಗೆ ತೆಳ್ಳಗೆ ಗುಲಾಬಿ ಬಣ್ಣ ಅಂಟಿತು. ದೀಪ ಹಾಕಿ, ಲೆನ್ಸನ್ನು ಕಣ್ಣಿಗೆ ಸಿಕ್ಕಿಸಿ, ಒಂದು ವಾಚಿನ ಮೇಲೆ ಬಗ್ಗಿದ. ಒಂದು ಪುಟ್ಟ ಸ್ಕ್ರೂವನ್ನು ಸಲೀಸಾಗಿ ತಿರುಗಿಸಿದ.

“ಅಜ್ಜ... ನೀನ್ಯಾಕೆ ಆ ಕಡೆ ನೋಡಲಿಲ್ಲ?”

“ಎಪ್ಪತ್ತಾದ ಮೇಲೆ ಗಾಜಿನ ಮೇಲೆ ಯಾರು ಅನುಮಾನ ಪಡ್ತಾರೆ, ಮಗು?” ಎಂದ ಅಜ್ಜ. ಲೆನ್ಸ್ ತೆಗೆದು ಆ ಕಣ್ಣನ್ನು ತೋಳಿನಿಂದ ಒರೆಸಿಕೊಂಡ. ಆಮೇಲೆ, “ಅದೇನದು ಕಂಕುಳಲ್ಲಿ?” ಅಂದ.

ಗುಬ್ಬಿ ಫೋಟೋ ಬಿಡಿಸಿದಳು. ಮಂಜು ಕವಿದ ಫೋಟೋ.

“ನನ್ನ ಬ್ರಶ್ಶು,” ಎಂದ ಅಜ್ಜ ತಟ್ಟನೆ. “ಚಕ್ರದ ಧೂಳು ತೆಗೆಯೋದು. ನೋಡು, ಎಡಗಡೆ ಎರಡು ಕೂದಲು ಬಗ್ಗಿವೆ. ಯಾಕೆ, ಬೇರೆ ಯಾರಿಗೂ ಗೊತ್ತಾಗಲಿಲ್ವಾ? ಹಾಗಾದ್ರೆ ಸೋಮವಾರ ಬೆಲ್ ಹೊಡೆಯೋಕೆ ನಾನೇ ಬರ್ಬೇಕು!”

ಗುಬ್ಬಿಗೆ ನಗು ಬಂತು, ಜೊತೆಗೆ ಮೂಗೂ ಸೋರಿತು. ಅವಳು ಫೋಟೋವನ್ನು ದೀಪದ ಹತ್ತಿರ ಹಿಡಿದಳು. ಹೌದು, ಎಡಗಡೆ ಎರಡು ಕೂದಲು ಬಗ್ಗಿದ್ದವು. ಇಡೀ ಕ್ಲಾಸು ನೋಡಿತ್ತು. ಫೋಟೋ ತೆಗೆದವಳು ಅವಳೇ. ಆದರೂ ಅದು ಈಗಷ್ಟೇ ಅವಳ ಕಣ್ಣಿಗೆ ಬಿದ್ದಿತ್ತು.

ಬಾಯಲ್ಲಿದ್ದ ಗಮ್ಮನ್ನು ಮೆಲ್ಲಗೆ ಕಾಗದಕ್ಕೆ ಉಗುಳಿ ಮಡಚಿದಳು. ಆಮೇಲೆ ಅಜ್ಜನ ಪಕ್ಕ ಕೂತು, ಅವನು ಸುತ್ತಿಟ್ಟಿದ್ದ ವಾಚುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.